ಆಧಿಯೂ ಸತ್ಸಂಗವೂ: ತುಳುನಾಡಿನ ಎರಡು ಪರಂಪರೆಗಳು

ದೇಹವನ್ನು ಪೀಡಿಸುವುದು ವ್ಯಾಧಿ. ಮನಸ್ಸನ್ನು ಪೀಡಿಸುವುದು ಆಧಿ. ನಮ್ಮ ಹಿರಿಯರು ಈ ಎರಡನ್ನೂ ಅವಳಿ ಮಕ್ಕಳಂತೆ ಒಂದೇ ಉಸಿರಿನಲ್ಲಿ ಹೆಸರಿಸಿದರು. ಆದರೆ ಲೋಕವು ಇವೆರಡನ್ನು ಎಂದೂ ಸಮದೃಷ್ಟಿಯಿಂದ ನೋಡಿದುದಿಲ್ಲ. ಜ್ವರ ಬಂದವನ ಮನೆಗೆ ನೆರೆಹೊರೆಯವರು ಗಂಜಿಯನ್ನು ಕೊಂಡೊಯ್ಯುವರು. ಬುದ್ಧಿ ಕದಡಿದವನ ಮನೆಯ ಮುಂದೆ ಹಾದುಹೋಗುವಾಗ ದನಿಯನ್ನು ತಗ್ಗಿಸುವರು. ಮುರಿದ ಕಾಲನ್ನು ತೋರಿಸಲು ಯಾರೂ ನಾಚುವುದಿಲ್ಲ. ಮುರಿದ ಮನಸ್ಸನ್ನು ಮನೆಮಂದಿಯೆಲ್ಲ ಸೇರಿ ಮುಚ್ಚಿಡುವರು. ಇದರಿಂದ ಆಧಿಪೀಡಿತರಿಗೆ ಎರಡು ದುಃಖಗಳು ಒದಗುವುವು: ರೋಗದ ದುಃಖ ಒಂದು, ಒಬ್ಬಂಟಿಗತನದ ದುಃಖ ಇನ್ನೊಂದು. ಮೊದಲನೆಯದಕ್ಕೆ ವೈದ್ಯನು ಬೇಕು. ಎರಡನೆಯದಕ್ಕೆ ವೈದ್ಯನೊಬ್ಬನೇ ಸಾಲನು. ಅದೇ ದಾರಿಯನ್ನು ತುಳಿದು ಬಂದ ಇನ್ನೊಬ್ಬ ಮನುಷ್ಯನೂ ಬೇಕು.

ಈ ಮಾತಿಗೆ ಪ್ರಮಾಣವನ್ನು ದೂರದೇಶಗಳಲ್ಲಿಯೇ ಅರಸಬೇಕಾದುದಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ, ಬಂಟ್ವಾಳ, ಮೂಡಬಿದಿರೆಗಳ ಸುತ್ತಿನ ಸೀಮೆಯಲ್ಲಿ ಇಂತಹ ಎರಡು ಪರಂಪರೆಗಳು ಕಣ್ಣಿಗೆ ಕಾಣುವಂತೆ ನಡೆದುಬಂದಿವೆ. ಒಂದು ಸ್ತ್ರೀಯರದು, ಬಹು ಹಳೆಯದು. ಅದೇ ಸಿರಿಯ ಆರಾಧನೆ. ಇನ್ನೊಂದು ಬಹುಮಟ್ಟಿಗೆ ಪುರುಷರದು, ಇತ್ತೀಚಿನದು. ಅದೇ ಪಾನವ್ಯಸನವನ್ನು ತೊರೆದವರ ನವಜೀವನದ ಕೂಟ. ಹೊರನೋಟಕ್ಕೆ ಇವೆರಡಕ್ಕೂ ಯಾವ ನಂಟೂ ತೋರದು. ಆದರೆ ಒಳಹೊಕ್ಕು ನೋಡಿದರೆ ಎರಡರ ಜೀವನಾಡಿಯೂ ಒಂದೇ ಎಂಬುದು ಗೋಚರವಾಗುವುದು. ಶರಣಧರ್ಮದ ಅಭಿಮಾನಿಗಳಿಗೆ ಆ ಜೀವನಾಡಿಯು ಅಪರಿಚಿತವಾದುದಲ್ಲ.

೧. ಶಾಸ್ತ್ರದ ಮಾತು

ಮನೋವ್ಯಾಧಿಯ ವಿಚಾರವನ್ನು ನಮ್ಮ ಪ್ರಾಚೀನರು ಉಪೇಕ್ಷಿಸಿದರೆಂದು ಹೇಳುವುದು ಸಲ್ಲದು. ಚರಕಸಂಹಿತೆಯ ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ಉನ್ಮಾದಕ್ಕೆಂದೇ ಪ್ರತ್ಯೇಕ ಅಧ್ಯಾಯಗಳುಂಟು. ವಾತ, ಪಿತ್ತ, ಕಫಗಳಿಂದ ಬೇರೆ ಬೇರೆಯಾಗಿ ಮೂರು, ಅವು ಮೂರೂ ಕೂಡಿದುದರಿಂದ ಒಂದು, ಹೊರಗಿನ ಕಾರಣದಿಂದ ಬಂದ ಆಗಂತುಕವು ಒಂದು, ಹೀಗೆ ಐದು ಬಗೆಯ ಉನ್ಮಾದಗಳನ್ನು ಅಲ್ಲಿ ವಿಂಗಡಿಸಿದೆ. ಚಿಕಿತ್ಸೆಯು ಮೂರು ತೆರನಾದುದು: ಜಪ, ವ್ರತ, ನಿಯಮಾದಿಗಳನ್ನು ಅವಲಂಬಿಸಿದ ದೈವವ್ಯಪಾಶ್ರಯ, ಆಹಾರ ಔಷಧಗಳನ್ನು ಅವಲಂಬಿಸಿದ ಯುಕ್ತಿವ್ಯಪಾಶ್ರಯ, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆದು ನಿಲ್ಲಿಸುವ ಸತ್ತ್ವಾವಜಯ.

ಅದೇ ಉನ್ಮಾದಚಿಕಿತ್ಸೆಯ ಅಧ್ಯಾಯದಲ್ಲಿ ಸ್ನೇಹಿತನಾದವನು ಧರ್ಮಾರ್ಥಗಳಿಂದ ಕೂಡಿದ ಮಾತುಗಳಿಂದ ರೋಗಿಯನ್ನು ಸಮಾಧಾನಪಡಿಸಬೇಕೆಂಬ ವಿಧಿಯು ಬಂದಿದೆ. ವೈದ್ಯನೊಡನೆ ಸುಹೃದನಿಗೂ ಶಾಸ್ತ್ರಕಾರರು ಚಿಕಿತ್ಸೆಯಲ್ಲಿ ಸ್ಥಾನವನ್ನು ಕೊಟ್ಟುದು ಗಮನಾರ್ಹವಾಗಿದೆ. ಸತ್ಯವನ್ನು ಮರೆಮಾಡದೆ ಹೇಳುವುದಾದರೆ, ರೋಗಿಯನ್ನು ಕಟ್ಟಿಹಾಕುವ, ಹೆದರಿಸುವ ಉಪಾಯಗಳೂ ಅದೇ ಅಧ್ಯಾಯದಲ್ಲಿಯೇ ಇವೆ. ಅಂದಿನಿಂದ ಇಂದಿನವರೆಗೆ ಮನೋವ್ಯಾಧಿಯ ಚರಿತ್ರೆಯೆಂದರೆ ಈ ಎರಡು ಕೈಗಳ ಚರಿತ್ರೆಯೇ ಆಗಿದೆ: ಹಗ್ಗವನ್ನು ಹಿಡಿದ ಕೈ ಒಂದು, ಹೆಗಲ ಮೇಲೆ ಇಟ್ಟ ಕೈ ಇನ್ನೊಂದು.

೨. ಕಲ್ಯಾಣದ ಗೋಷ್ಠಿ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಾದಿ ಶರಣರು ನಡೆಸಿದ ಅನುಭವಗೋಷ್ಠಿಯ ಮಹಿಮೆಯು ವಾಚಕರಿಗೆ ವಿದಿತವೇ ಇದೆ. ಆ ಗೋಷ್ಠಿಯ ಪ್ರಸಂಗಗಳನ್ನು ಪಂಚದಶ ಶತಮಾನದಲ್ಲಿಯೂ ಅದರ ಆಸುಪಾಸಿನಲ್ಲಿಯೂ ಶೂನ್ಯಸಂಪಾದನೆಗಳ ರೂಪದಲ್ಲಿ ಪೋಣಿಸಿಟ್ಟರು. ಅವುಗಳಲ್ಲಿ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೆನೆಯಬಹುದು. ಮನೆಯನ್ನು ಬಿಟ್ಟು, ಅರಮನೆಯನ್ನು ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು, ಕೇಶವನ್ನೇ ಹೊದಿಕೆಯಾಗಿಸಿ ನಡೆದುಬಂದ ತರುಣಿಯನ್ನು ದಾರಿಯ ಜನರು ಏನೆಂದು ಕರೆದಿರಬಹುದು? ಲೌಕಿಕರ ನಿಘಂಟಿನಲ್ಲಿ ಅಂತಹವರಿಗೆ ಮರುಳೆಂಬ ಹೆಸರೊಂದೇ ಇರುವುದು.

ಕಲ್ಯಾಣದ ಶರಣರು ಅವಳನ್ನು ಅಟ್ಟಲಿಲ್ಲ, ಕಟ್ಟಲಿಲ್ಲ, ಕೇಳಿದರು. ಪ್ರಭುದೇವರು ಅವಳ ಪತಿ ಯಾರೆಂದು ಕೇಳಿದರು, ತನುವನ್ನು ತೊರೆದವಳಿಗೆ ಕೇಶದ ಮರೆಯೇಕೆಂದು ಕೇಳಿದರು. ಪ್ರಶ್ನೆಗಳು ಕಠಿನವಾಗಿದ್ದುವು. ಆದರೆ ಉತ್ತರವನ್ನು ಕೇಳಿಸಿಕೊಳ್ಳುವ ಸಭೆಯೊಂದು ಅಲ್ಲಿ ಕುಳಿತಿದ್ದಿತು. ಆ ಸಭೆಯಲ್ಲಿದ್ದ ಪ್ರತಿಯೊಬ್ಬರೂ ತಮ್ಮ ತಮ್ಮ ಸಂಕಟವನ್ನು ದಾಟಿ ಬಂದವರಾಗಿದ್ದರು. ತಾನು ಯಾರೆಂದು ತನ್ನ ಬಾಯಿಂದಲೇ ಹೇಳಿದ ಬಳಿಕ ಅವಳು ಆ ಸಭೆಗೆ ಅಕ್ಕನಾದಳು. ಮಹಾದೇವಿಯಕ್ಕನನ್ನು ರೋಗಿಯೆಂದು ಹೇಳುವುದು ಇಲ್ಲಿಯ ತಾತ್ಪರ್ಯವಲ್ಲ. ಆ ಮಾತು ಅಪಚಾರವಾದೀತು. ಲೋಕವು ಹೊರಗಿಟ್ಟವರನ್ನು ಒಳಗೆ ಕರೆದುಕೊಳ್ಳುವ ಕ್ರಮವು ಯಾವುದು ಎಂಬುದಷ್ಟೇ ಇಲ್ಲಿಯ ವಿಚಾರ. ಕೇಳುವುದು, ಹೇಳಗೊಡುವುದು, ಹೆಸರಿಟ್ಟು ಜತೆಯಲ್ಲಿ ಕುಳ್ಳಿರಿಸಿಕೊಳ್ಳುವುದು, ಇದೇ ಆ ಕ್ರಮ.

೩. ಮೂರು ಊರುಗಳ ಸೀಮೆ

ಈ ಕ್ರಮವನ್ನು ಕೈಯಲ್ಲಿ ಹಿಡಿದು ಈಗ ಘಟ್ಟವನ್ನು ಇಳಿಯಬಹುದು. ಘಟ್ಟದ ಬುಡದಲ್ಲಿ ಬೆಳ್ತಂಗಡಿಯ ಸೀಮೆ; ನೇತ್ರಾವತಿಯ ದಂಡೆಯಲ್ಲಿ ಬಂಟ್ವಾಳ; ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಿಂದ ಜೈನಕಾಶಿಯೆಂದು ಹೆಸರಾದುದು ಮೂಡಬಿದಿರೆ. ಬಂಗರು, ಅಜಿಲರು, ಚೌಟರು ಎಂಬ ಜೈನ ಅರಸುಮನೆಗಳು ಇಲ್ಲಿ ಆಳಿದುವು. ಅವುಗಳ ಮೇಲೆ ಕೆಳದಿಯ ವೀರಶೈವ ಅರಸರ ಪ್ರಭುತ್ವವು ೧೭೬೩ರವರೆಗೆ ನಡೆಯಿತು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಆರಾಧ್ಯನು ಮಂಜುನಾಥಲಿಂಗ, ಅರ್ಚಕರು ವೈಷ್ಣವರು, ಹೆಗ್ಗಡೆಯವರು ಜೈನರು, ಕಾವಲಿಗೆ ಧರ್ಮದೈವಗಳು. ಹಲವು ಮತಗಳು ಒಂದರ ಪಕ್ಕದಲ್ಲಿ ಒಂದು ಬಾಳುವೆ ನಡೆಸುವುದನ್ನು ಈ ನೆಲವು ಬಹುಕಾಲದ ಹಿಂದೆಯೇ ಕಲಿತಿದೆ.

ಈ ಎಲ್ಲ ಮತಗಳ ಅಡಿಯಲ್ಲಿ, ಗದ್ದೆಯ ಕೆಸರಿನಲ್ಲಿ ನೀರು ಹರಿಯುವಂತೆ, ತುಳುವರ ಪಾಡ್ದನಗಳ ಪ್ರವಾಹವು ಹರಿದುಬಂದಿದೆ. ನೇಜಿ ನೆಡುವ ಹೆಣ್ಣುಮಕ್ಕಳು ಬಾಗಿದ ಬೆನ್ನಿನಲ್ಲಿಯೇ ಹಾಡುವ ಕಥೆಗಳಲ್ಲಿ ಸಿರಿಯ ಕಥೆಯು ಅತಿ ದೀರ್ಘವಾದುದು.

೪. ಸಿರಿಯ ಕಥೆ

ಸತ್ಯನಾಪುರದ ಬೆರ್ಮು ಆಳ್ವನೆಂಬ ಮುದುಕನಿಗೆ ಸಂತಾನವಿಲ್ಲ. ಬೆರ್ಮೆರ ಗುಡಿಯು ಪಾಳುಬಿದ್ದುದನ್ನು ಅವನು ಜೀರ್ಣೋದ್ಧಾರ ಮಾಡುವನು. ಪ್ರಸಾದವಾಗಿ ಬಂದ ಅಡಿಕೆಯ ಹಿಂಗಾರ ಮತ್ತು ಗಂಧದಿಂದ ಸಿರಿಯೆಂಬ ಹೆಣ್ಣುಮಗು ಉದಿಸುವುದು. ಬೆಳೆದ ಸಿರಿಯನ್ನು ಕಾಂತು ಪೂಂಜನಿಗೆ ಮದುವೆ ಮಾಡಿಕೊಡುವರು. ಗಂಡನು ವೇಶ್ಯಾಸಕ್ತನು. ಸಿರಿಯ ಬಯಕೆಯ ಸೀರೆಯನ್ನು ಅವನು ಮೊದಲು ಆ ಹೆಣ್ಣಿಗೆ ಉಡಿಸಿ ತರುವನು. ಅದನ್ನು ಅರಿತ ಸಿರಿಯು ಸೀರೆಯನ್ನು ಒಲ್ಲಳು. ಕೊನೆಗೆ ತಾನೇ ಮುಂದಾಗಿ ವಿವಾಹಬಂಧವನ್ನು ಹರಿದು, ಹಸುಳೆಯಾದ ಕುಮಾರನನ್ನು ಎತ್ತಿಕೊಂಡು ಮನೆಯಿಂದ ಹೊರಡುವಳು. ಮುಂದೆ ಕೊಡ್ಸರಾಳ್ವನು ಅವಳನ್ನು ಕೈಹಿಡಿಯುವನು. ಅಲ್ಲಿಯ ಮೊದಲ ಹೆಂಡತಿಯಾದ ಸಾಮುವು ಮೊದಲು ಮುನಿದು, ಬಳಿಕ ಸಿರಿಯನ್ನು ಒಡಹುಟ್ಟಿದವಳಂತೆ ಕಾಣುವಳು. ಸಿರಿಯ ಮಗಳು ಸೊನ್ನೆ. ಸೊನ್ನೆಯ ಅವಳಿ ಹೆಣ್ಣುಮಕ್ಕಳು ಅಬ್ಬಗ ದಾರಗರು. ಚೆನ್ನೆಮಣೆಯ ಆಟದಲ್ಲಿ ಉಕ್ಕಿದ ಕೋಪದಲ್ಲಿ ಅಕ್ಕತಂಗಿಯರಲ್ಲಿ ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದ ಹೊಡೆದು ಕೊಲ್ಲುವಳು. ಕೊಂದವಳು ಬಾವಿಗೆ ಹಾರುವಳು.

ಗಂಡನ ದ್ರೋಹ, ತವರಿನ ಆಸರೆಯ ನಾಶ, ಸವತಿಯ ಭಯ, ಬಾಣಂತಿಯ ಅಲೆದಾಟ, ಒಡಹುಟ್ಟಿದವರ ಕಲಹ, ಆತ್ಮಹತ್ಯೆ: ಹೆಣ್ಣಿನ ಮನಸ್ಸು ಮುರಿಯುವ ಸಂದರ್ಭಗಳು ಎಷ್ಟಿವೆಯೋ ಅಷ್ಟೂ ಈ ಒಂದು ಕಥೆಯಲ್ಲಿ ಬಂದುಹೋಗುವುವು.

ಬೆಳ್ತಂಗಡಿ ತಾಲೂಕಿನ ಉಜಿರೆಯ ಸಮೀಪದ ಮಾಚಾರಿನ ಗೋಪಾಲ ನಾಯ್ಕರೆಂಬ ಗಾಯಕರು ಈ ಕಾವ್ಯವನ್ನು ಸಮಗ್ರವಾಗಿ ಬಲ್ಲವರಾಗಿದ್ದರು. ಅವರು ಅಕ್ಷರವನ್ನು ಆಶ್ರಯಿಸದೆ ನೆನಪಿನಿಂದಲೇ ಹಾಡಿದ ಪಾಠವನ್ನು ಫಿನ್ಲೆಂಡ್ ದೇಶದ ಲೌರಿ ಹೊಂಕೊ ಮತ್ತು ಅನೆಲಿ ಹೊಂಕೊ ಅವರು, ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರೊಡನೆ ಕೂಡಿ ೧೯೯೦ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿದರು. ೧೫,೬೮೩ ಸಾಲುಗಳ ಆ ಮಹಾಕಾವ್ಯವು ೧೯೯೮ರಲ್ಲಿ ಎರಡು ಸಂಪುಟಗಳಾಗಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಗೋಪಾಲ ನಾಯ್ಕರು ಕೇವಲ ಗಾಯಕರಾಗಿರಲಿಲ್ಲ. ಸಿರಿಯ ಜಾತ್ರೆಯಲ್ಲಿ ಕುಮಾರನ ಸ್ಥಾನದಲ್ಲಿ ನಿಂತು ಹೆಣ್ಣುಮಕ್ಕಳ ತಂಡವೊಂದನ್ನು ನಡೆಸುವ ನಾಯಕರೂ ಆಗಿದ್ದರು. ಪಂಡಿತರಿಗೆ ಕಾವ್ಯವಾಗಿ ಕಂಡುದು ಆ ತಂಡದವರಿಗೆ ಬಾಳುವೆಯ ಆಧಾರವಾಗಿದ್ದಿತು.

೫. ಹುಣ್ಣಿಮೆಯ ರಾತ್ರಿ

ಬೇಸಗೆಯ ಹುಣ್ಣಿಮೆಗಳಲ್ಲಿ ಸಿರಿಯ ಆಲಡೆಗಳೆಂಬ ಸ್ಥಾನಗಳಲ್ಲಿ ಜಾತ್ರೆಯು ನೆರೆಯುವುದು. ಮೂಡಬಿದಿರೆಯಿಂದ ಪಡುವಣದ ಕವತ್ತಾರು, ಮುದ್ದಣಕವಿಯ ಜನ್ಮಸ್ಥಳವೆಂದು ಕನ್ನಡಿಗರು ಬಲ್ಲ ನಂದಳಿಕೆ, ಉಡುಪಿಯ ಕಡೆಯ ಹಿರಿಯಡಕ ಮೊದಲಾದುವು ಇದಕ್ಕೆ ಪ್ರಸಿದ್ಧವಾಗಿವೆ. ಅಂದಿನ ರಾತ್ರಿ ಕೈಯಲ್ಲಿ ಹಿಂಗಾರದ ಗೊನೆಯನ್ನು ಹಿಡಿದ ಸ್ತ್ರೀಯರು ತಂಡತಂಡವಾಗಿ ಸಾಲುಗೊಂಡು ನಿಲ್ಲುವರು. ಒಂದೊಂದು ತಂಡಕ್ಕೂ ಕುಮಾರನ ಪಾತ್ರದ ಪುರುಷನೊಬ್ಬನು, ಅವನ ಜತೆಯಲ್ಲಿ ಹಳಬರಾದ ಸಿರಿಗಳು. ಹಾಡು ಏರುವುದು, ಮೈ ನಡುಗುವುದು, ಒಬ್ಬಳು ಸಿರಿಯಾಗಿ, ಒಬ್ಬಳು ಸೊನ್ನೆಯಾಗಿ, ಒಬ್ಬಳು ಅಬ್ಬಗಳಾಗಿ, ಒಬ್ಬಳು ದಾರಗಳಾಗಿ ಮಾತನಾಡುವರು.

ಇವರಲ್ಲಿ ಹೊಸಬರೂ ಇರುವರು. ಮನೆಯಲ್ಲಿ ಮಾತು ಬಿಟ್ಟವಳು, ಕಾರಣವಿಲ್ಲದೆ ಮೂರ್ಛೆ ಹೋಗುವವಳು, ಗಂಡನ ಮನೆಯಲ್ಲಿ ಅನ್ನ ನೀರು ಒಲ್ಲದವಳು. ಇಂತಹವಳನ್ನು ಬಂಧುಗಳು ಕರೆತಂದು ತಂಡದ ಮುಂದೆ ನಿಲ್ಲಿಸುವರು. ಕುಮಾರನೂ ಹಿರಿಯ ಸಿರಿಗಳೂ ಅವಳನ್ನು ಸುತ್ತುವರಿದು ಕೇಳುವ ಪ್ರಶ್ನೆಯ ಸಾರವು ಒಂದೇ: ನೀನು ಯಾರು? ಉತ್ತರವು ಕೂಡಲೇ ಬರುವುದಿಲ್ಲ. ಅಳು ಬರುವುದು, ಬೈಗಳು ಬರುವುದು, ಮೌನವು ಬರುವುದು. ಕೇಳುವವರು ಬೇಸರಗೊಳ್ಳದೆ ಕೇಳುವರು. ಏಕೆಂದರೆ ಕೇಳುವ ಹೆಂಗಸೂ ಒಂದಾನೊಂದು ವರುಷ ಅದೇ ಜಾಗದಲ್ಲಿ ನಿಂತು ಅದೇ ಪ್ರಶ್ನೆಗೆ ತಡವರಿಸಿದವಳು. ಕೊನೆಗೆ ಅವಳು ಕಥೆಯೊಳಗಿನ ಒಂದು ಹೆಸರನ್ನು ನುಡಿಯುವಳು. ಆ ಕ್ಷಣದಿಂದ ಅವಳ ಸಂಕಟಕ್ಕೆ ಒಂದು ಹೆಸರು, ಒಂದು ಕಥೆ, ಒಂದು ಬಳಗ ದೊರೆಯುವುದು. ತವರಿನವರೂ ಗಂಡನ ಮನೆಯವರೂ ಎದುರಿಗೆ ನಿಂತಿರಲಾಗಿ, ಸೊಸೆಯು ಆಡಲಾರದುದನ್ನು ಸಿರಿಯು ಆಡುವಳು. ಮರುವರುಷ ಅವಳು ಮತ್ತೆ ಬರುವಳು. ಕೆಲವು ವರುಷಗಳಲ್ಲಿ ತಾನೇ ಹಳಬಳಾಗಿ ಹೊಸಬಳ ಕೈಹಿಡಿಯುವಳು.

ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಈ ಆರಾಧನೆಯ ಕಥೆಯನ್ನೂ ವಿಧಿಯನ್ನೂ ಕುರಿತು ೧೯೭೫ರಲ್ಲಿಯೇ ವಿದ್ವತ್ಪತ್ರಿಕೆಯಲ್ಲಿ ಬರೆದರು. ಆ ಬಳಿಕ ದೇಶವಿದೇಶಗಳ ಪಂಡಿತರು ಇದನ್ನು ಪರಿಶೀಲಿಸಿರುವರು. ಆದರೆ ಶರಣಧರ್ಮೀಯರಾದವರಿಗೆ ಇಲ್ಲಿ ಒಂದು ಸಂದೇಹವು ಏಳುವುದು ಸಹಜ. ಶರಣರು ಇಷ್ಟಲಿಂಗವೊಂದನ್ನೇ ನಂಬಿದವರು. ಮೈಮೇಲೆ ಬರುವ ದೈವಗಳನ್ನೂ ಮರದಡಿಯ ದೇವತೆಗಳನ್ನೂ ಕಟುವಾಗಿ ನಿರಾಕರಿಸಿದವರು. ಅಂತಹ ಪರಂಪರೆಯವರು ಆಲಡೆಯ ಆವೇಶವನ್ನು ಕೊಂಡಾಡುವುದು ಹೇಗೆ?

ಸಂದೇಹವು ನ್ಯಾಯವಾದುದೇ. ಸಿದ್ಧಾಂತವನ್ನು ಸಡಿಲಿಸಿ ಉತ್ತರ ಹೇಳಬೇಕಾದುದಿಲ್ಲ. ಮೈಮೇಲೆ ಬರುವುದು ಏನು ಎಂಬುದು ಒಂದು ವಿಚಾರ. ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರು ಎಂಬುದು ಮತ್ತೊಂದು ವಿಚಾರ. ಮೊದಲನೆಯದರಲ್ಲಿ ಶರಣಮತಕ್ಕೂ ಆಲಡೆಗೂ ಭೇದವುಂಟು. ಆ ಭೇದವು ಉಳಿಯಲಿ. ಎರಡನೆಯದರಲ್ಲಿ ಮಾತ್ರ ಕಲ್ಯಾಣದ ಗೋಷ್ಠಿಯೂ ತುಳುವ ಹೆಣ್ಣುಮಕ್ಕಳ ಸಾಲೂ ಒಂದೇ ಸತ್ಯವನ್ನು ಕಂಡುಕೊಂಡಿವೆ. ಬಿಕ್ಕುವವಳನ್ನು ಮೂಲೆಗೆ ತಳ್ಳಿ ಶುದ್ಧವಾದ ಸಿದ್ಧಾಂತವನ್ನು ಉಪದೇಶಿಸುವವನಿಗಿಂತ, ಅವಳ ಬಳಿ ಕುಳಿತು ಕೇಳಿದ ನಿರಕ್ಷರಕುಕ್ಷಿಯಾದ ಮುದುಕಿಯೇ ದಯವೇ ಧರ್ಮದ ಮೂಲವೆಂಬ ತತ್ತ್ವಕ್ಕೆ ಹೆಚ್ಚು ಹತ್ತಿರದವಳೆಂಬುದರಲ್ಲಿ ಸಂದೇಹವಿಲ್ಲ.

೬. ನವಜೀವನದ ಕೂಟ

ಇನ್ನು ಪುರುಷರ ವಿಚಾರ. ಹೆಣ್ಣಿನ ಆಧಿಯು ಮೌನವಾಗಿ ಮೂರ್ಛೆಯಾಗಿ ತೋರಿದರೆ ಗಂಡಿನ ಆಧಿಯು ಬಹಳ ಕಡೆ ಕುಡಿತವಾಗಿ ತೋರುವುದು. ಕುಡಿತವು ಬರಿಯ ನೀತಿಗೇಡೆಂದು ಹಿಂದೆ ತಿಳಿದಿದ್ದರು. ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಮದ್ಯ ಹಾಗೂ ಮಾದಕ ವಸ್ತುಗಳ ದುರುಪಯೋಗದಿಂದ ಒದಗುವ ಮಾನಸಿಕ ಸ್ಥಿತಿಗಳನ್ನೂ ಮನೋವ್ಯಾಧಿಯ ವ್ಯಾಖ್ಯೆಯಲ್ಲಿಯೇ ಸೇರಿಸಿರುವುದು.

ದಕ್ಷಿಣ ಕನ್ನಡವು ೧೯೫೬ರವರೆಗೆ ಮದರಾಸು ಆಡಳಿತಕ್ಕೆ ಒಳಪಟ್ಟಿದ್ದಿತು. ಆ ಪ್ರಾಂತದಲ್ಲಿ ಪಾನನಿಷೇಧವು ೧೯೩೭ರಲ್ಲಿ ಸೇಲಂ ಜಿಲ್ಲೆಯಿಂದ ಮೊದಲಾಗಿ ೧೯೪೮ರ ಹೊತ್ತಿಗೆ ಎಲ್ಲೆಡೆಗೂ ವ್ಯಾಪಿಸಿದ್ದಿತು. ಕಾಲಾನಂತರ ನಿಷೇಧವು ತೆರವಾಯಿತು. ಗಡಂಗುಗಳು ಮತ್ತೆ ತೆರೆದುವು. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟವನ್ನು ನಿಲ್ಲಿಸಿದರೂ ಬೇರೆ ಮದ್ಯವು ನಿಲ್ಲಲಿಲ್ಲ. ಕಾಯಿದೆಯು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲುದು. ಕುಡಿಯುವವನ ಒಳಗಿನ ಬಾಯಾರಿಕೆಯನ್ನು ಮುಚ್ಚಲಾರದು.

ಬೆಳ್ತಂಗಡಿ ತಾಲೂಕಿನಲ್ಲಿ ೧೯೮೨ರಲ್ಲಿ ಶ್ರೀಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಆರಂಭವಾಯಿತು. ಗದ್ದೆ ತೋಟಗಳ ಆದಾಯವು ಹೆಚ್ಚಿದರೂ, ಹಗಲಿರುಳು ಬೀಡಿ ಕಟ್ಟಿ ಹೆಂಗಸರು ಕೂಡಿಸಿದ ದುಡ್ಡು ಗಂಡನ ಗಡಂಗಿನ ಸಾಲಕ್ಕೆ ಹೋಗುವ ಮನೆಗಳಲ್ಲಿ ಅಭಿವೃದ್ಧಿಯು ತಂಗದೆಂಬುದು ಯಾರಿಗಾದರೂ ತಿಳಿಯುವ ಮಾತು. ತೊಂಬತ್ತರ ದಶಕದಲ್ಲಿ ಜನಜಾಗೃತಿ ವೇದಿಕೆಯ ಆಶ್ರಯದಲ್ಲಿ ಮದ್ಯವರ್ಜನ ಶಿಬಿರಗಳು ಮೊದಲಾದುವು. ಬೆಳ್ತಂಗಡಿಯಿಂದ ಬಂಟ್ವಾಳ ಮೊದಲಾದ ನೆರೆಯ ಸೀಮೆಗಳಿಗೆ, ಅಲ್ಲಿಂದ ರಾಜ್ಯದ ಇತರ ಜಿಲ್ಲೆಗಳಿಗೆ ಹಬ್ಬಿದುವು.

ಶಿಬಿರದ ಕ್ರಮವು ಸರಳವಾದುದು. ಊರಿನ ಸಭಾಭವನವೊಂದರಲ್ಲಿ ಎಂಟು ದಿನಗಳ ವಾಸ. ಬೆಳಗ್ಗೆ ಯೋಗಾಭ್ಯಾಸ, ಸಂಜೆ ಭಜನೆ, ನಡುವೆ ಉಪದೇಶ, ಗುಂಪಿನ ಮಾತುಕತೆ. ವೈದ್ಯರ ಪರೀಕ್ಷೆಯೂ ಉಂಟು. ಒಂದು ದಿನ ಹೆಂಡತಿ ಮಕ್ಕಳು ಬಂದು ಎದುರಿಗೆ ಕುಳಿತುಕೊಳ್ಳುವರು. ಆದರೆ ಶಿಬಿರದ ನಿಜವಾದ ಬಲವು ಉಪದೇಶಕರಲ್ಲಿಲ್ಲ. ಮುಂಚೆ ಕುಡಿದು ಕೆಟ್ಟು, ಈಗ ಬಿಟ್ಟು ಬಾಳುವವರಲ್ಲಿರುವುದು. ಅವರಲ್ಲೊಬ್ಬನು ಎದ್ದು ನಿಂತು ತನ್ನ ಹೆಸರನ್ನು ಹೇಳಿ, ಮಗುವಿನ ಪುಸ್ತಕದ ದುಡ್ಡಿನಿಂದ ತಾನು ಕುಡಿದುದನ್ನು ಹೇಳಿಕೊಂಡಾಗ, ಎದುರಿಗಿರುವವನ ತಲೆಯು ತನ್ನಷ್ಟಕ್ಕೆ ತಗ್ಗುವುದು. ನಾಚಿಕೆಯನ್ನು ಇಳಿಸಬಲ್ಲವನು ಅದೇ ನಾಚಿಕೆಯನ್ನು ಹೊತ್ತವನೇ ಹೊರತು ಬೇರೆಯವನಲ್ಲ.

ಶಿಬಿರವು ಮುಗಿದ ಬಳಿಕ ಅವರನ್ನು ಕೈಬಿಡುವುದಿಲ್ಲ. ನವಜೀವನ ಸಮಿತಿಯೆಂಬ ಹೆಸರಿನ ಕೂಟದಲ್ಲಿ ಅವರು ಮತ್ತೆ ಮತ್ತೆ ಸೇರುವರು. ಗಾಂಧಿ ಜಯಂತಿಯ ಕಾಲದಲ್ಲಿ ಪಾನಮುಕ್ತರ ದೊಡ್ಡ ಸಮಾವೇಶವು ನಡೆಯುವುದು. ಶಿಬಿರಕ್ಕಿಂತಲೂ ಈ ಕೂಟವೇ ಮುಖ್ಯವಾದುದು. ಎಂಟು ದಿನ ಬಿಡುವುದು ಕಷ್ಟವಲ್ಲ. ಒಂಬತ್ತನೆಯ ದಿನ ಮದುವೆಯ ಮನೆಯಲ್ಲಿ ಹಳೆಯ ಗೆಳೆಯನು ಲೋಟವನ್ನು ಮುಂದೆ ಹಿಡಿದಾಗ ಬಿಡುವುದು ಕಷ್ಟ. ಆಗ ನೆನಪಿಗೆ ಬರಬೇಕಾದುದು ಉಪದೇಶವಲ್ಲ, ಮುಂದಿನ ಸಭೆಯಲ್ಲಿ ಪಕ್ಕದಲ್ಲಿ ಕುಳಿತುಕೊಳ್ಳುವವನ ಮುಖ. ಜಾರಿ ಬಿದ್ದವರೂ ಉಂಟು. ಬಿದ್ದವನನ್ನು ಕೂಟವು ಹೊರಗಟ್ಟಿದರೆ ಅವನು ಗಡಂಗಿಗೇ ಹೋಗುವನು. ಮತ್ತೆ ಕರೆದು ಕುಳ್ಳಿರಿಸಿಕೊಂಡರೆ ಮಾತ್ರ ಮರಳಿ ಏಳುವನು.

೭. ಶರಣರ ಜೋಳಿಗೆ

ಈ ಕಾರ್ಯದಲ್ಲಿ ಲಿಂಗಾಯತ ಮಠಗಳು ಹಿಂದೆ ಬಿದ್ದಿಲ್ಲ. ಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನೊಬ್ಬನು ಇದ್ದನು. ಹೆಂಡ ಮಾರುವುದು ಅವನ ಕಾಯಕವಾಗಿದ್ದಿತು. ಅವನನ್ನೂ ಗೋಷ್ಠಿಯು ಒಳಗೆ ಕರೆದುಕೊಂಡಿತು. ಅವನು ಹೆಂಡದ ಮಾತಿನಲ್ಲಿಯೇ ಶಿವಾನುಭವವನ್ನು ಹೇಳಿದನು.

ನಮ್ಮ ಕಾಲದಲ್ಲಿ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು (೧೯೩೦–೨೦೧೮) ೧೯೭೫ರಲ್ಲಿ ಮಹಾಂತ ಜೋಳಿಗೆಯೆಂಬ ವ್ರತವನ್ನು ಕೈಗೊಂಡರು. ಸ್ವಾಮಿಗಳ ಜೋಳಿಗೆಯು ಕಾಳಿಗಾಗಿ ಕಾಸಿಗಾಗಿ ಮನೆಬಾಗಿಲಿಗೆ ಬರುವುದು ಲೋಕರೂಢಿ. ಇವರು ಬಡವರ ಓಣಿಗಳಿಗೆ ನಡೆದುಹೋಗಿ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಕೊಡುವವನು ಹಗುರವಾಗುವನು, ಕೊಳ್ಳುವವರಿಗೆ ಹೊರೆಯಿಲ್ಲ. ಇಂತಹ ಭಿಕ್ಷೆಯು ಅಪೂರ್ವವಾದುದು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುವುದು. ಜೋಳಿಗೆಯ ಹಿರಿಮೆಯು ಬೇಡಿದವರ ಪೀಠದಲ್ಲಿಲ್ಲ, ಅವರು ಪೀಠದಿಂದ ಇಳಿದು ಓಣಿಗೆ ಹೋದುದರಲ್ಲಿರುವುದು.

೮. ಹೊರನಾಡಿನ ಸಾಕ್ಷಿ

ಹೊರನಾಡುಗಳ ಚರಿತ್ರೆಯೂ ಇದನ್ನೇ ಹೇಳುವುದು. ಬೆಲ್ಜಿಯಂ ದೇಶದ ಖೀಲ್ ಎಂಬ ಊರಿಗೆ ಸಂತ ಡಿಂಫ್ನಾಳ ಗುಡಿಯನ್ನು ಅರಸಿ ಬಂದ ಮನೋರೋಗಿಗಳನ್ನು ಅಲ್ಲಿಯ ಒಕ್ಕಲಿಗರು ತಮ್ಮ ಮನೆಗಳಲ್ಲಿಯೇ ಇರಿಸಿಕೊಳ್ಳುವ ಪದ್ಧತಿಯು ಮಧ್ಯಯುಗದಿಂದ ನಡೆದುಬಂದಿದೆ. ಅಮೆರಿಕದ ಆಕ್ರನ್ ಪಟ್ಟಣದಲ್ಲಿ ೧೯೩೫ರಲ್ಲಿ ಷೇರು ವ್ಯಾಪಾರಿಯೊಬ್ಬನೂ ಶಸ್ತ್ರವೈದ್ಯನೊಬ್ಬನೂ ಸೇರಿ, ಇಬ್ಬರೂ ಕುಡಿತದಿಂದ ಕೆಟ್ಟವರು, ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವನ್ನು ಆರಂಭಿಸಿದರು. ಕೆನಡಾ ದೇಶದ ಆಲ್ಕಲೈ ಲೇಕ್ ಎಂಬ ಮೂಲನಿವಾಸಿಗಳ ಊರು ಬಹುಪಾಲು ಕುಡಿತದಲ್ಲಿ ಮುಳುಗಿದ್ದಿತು. ೧೯೭೨ರಲ್ಲಿ ಒಬ್ಬ ತಾಯಿಯು ಕುಡಿತವನ್ನು ಬಿಟ್ಟಳು. ಅವಳ ಹಿಂದೆ ಅವಳ ಗಂಡನು ಬಿಟ್ಟನು. ಅಲ್ಲಿಂದ ಒಬ್ಬೊಬ್ಬರಾಗಿ ಬಿಡುತ್ತ, ತಮ್ಮ ಪೂರ್ವಿಕರ ಆಚಾರಗಳನ್ನು ಮತ್ತೆ ಹಿಡಿಯುತ್ತ, ಹದಿನೈದು ವರುಷಗಳೊಳಗೆ ಊರಿನ ಬಹುತೇಕ ಜನರು ಪಾನಮುಕ್ತರಾದರು.

೯. ಸಂಕೋಲೆಯ ಎಚ್ಚರ

ಆದರೆ ಸತ್ಸಂಗದ ಗುಣವನ್ನು ಹೇಳುವವರು ಅದರ ಮೇರೆಯನ್ನೂ ಹೇಳಬೇಕು. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಆಶ್ರಯವನ್ನು ಬಯಸಿ ಬಂದ ಮನೋರೋಗಿಗಳನ್ನು ಖಾಸಗಿ ಕೊಟ್ಟಿಗೆಗಳಲ್ಲಿ ಸಂಕೋಲೆ ಹಾಕಿ ಇರಿಸುತ್ತಿದ್ದರು. ೨೦೦೧ರ ಆಗಸ್ಟ್ ೬ರಂದು ಅಂತಹ ಒಂದು ಕೊಟ್ಟಿಗೆಗೆ ಬೆಂಕಿ ತಗುಲಿ ೨೮ ಜನರು ಸತ್ತರು. ಓಡಲು ಕಾಲಿದ್ದರೂ ಕಾಲಿಗೆ ಸಂಕೋಲೆಯಿದ್ದಿತು. ಅಲ್ಲಿ ಪುಣ್ಯಸ್ಥಳವಿದ್ದಿತು, ಸತ್ಸಂಗವಿರಲಿಲ್ಲ, ನಂಬಿಕೆಯಿದ್ದಿತು, ವೈದ್ಯನಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಮತ್ತೊಂದು ಗುಡಿಯ ವೃತ್ತಾಂತವೂ ಉಂಟು. ತಮಿಳುನಾಡಿನ ಮುತ್ತುಸ್ವಾಮಿಯ ಗುಡಿಯಲ್ಲಿ ತಂಗುವ ಮನೋರೋಗಿಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ರಘುರಾಮ್ ಮೊದಲಾದ ವೈದ್ಯರು ಪರಿಶೀಲಿಸಿ ೨೦೦೨ರಲ್ಲಿ ಪ್ರಕಟಿಸಿದರು. ಬಂಧನವಿಲ್ಲದೆ, ಬಂಧುಗಳೊಬ್ಬರ ಜತೆಯಲ್ಲಿ, ಗುಡಿಯ ಸಣ್ಣಪುಟ್ಟ ಕೆಲಸಗಳಲ್ಲಿ ತೊಡಗಿ ಕೆಲವು ವಾರಗಳಿದ್ದ ೩೧ ಜನರ ರೋಗಲಕ್ಷಣಗಳು ಸುಮಾರು ಶೇಕಡಾ ೨೦ರಷ್ಟು ತಗ್ಗಿದುದನ್ನು ಅವರು ಕಂಡರು. ಸ್ನೇಹಯುತವಾದ ನೆಲೆಯ ಬಲವು ಇದರಿಂದ ಸಿದ್ಧವಾಗುವುದು. ಶೇಕಡಾ ೨೦ರ ಆಚೆ ಉಳಿದುದೆಷ್ಟೆಂಬುದೂ ಇದರಿಂದಲೇ ಸಿದ್ಧವಾಗುವುದು.

ಬಾಣಂತಿ ಸನ್ನಿಗೆ ಔಷಧವುಂಟು. ಕಿವಿಯಲ್ಲಿ ಇಲ್ಲದ ದನಿಗಳನ್ನು ಕೇಳುವವನಿಗೆ ಔಷಧವುಂಟು. ಬದುಕೇ ಬೇಡವೆನ್ನುವವಳಿಗೆ ಔಷಧವೂ ಸಮಾಧಾನವೂ ಉಂಟು. ಬಹುಕಾಲ ಕುಡಿದವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ನಡುಕವೂ ಭ್ರಮೆಯೂ ಸೆಳವೂ ತೋರಿ ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಶಿಬಿರದಲ್ಲಿ ಭಜನೆಯಷ್ಟೇ ವೈದ್ಯನೂ ಅಗತ್ಯ. ಆಲಡೆಯ ವಿಷಯದಲ್ಲಿಯೂ ಹಾಗೆಯೇ. ಒಂದು ರಾತ್ರಿ ಸಿರಿಯಾಗಿ ಮಾತನಾಡಿದವಳು ಮರುದಿನ ಅದೇ ಹೊಡೆಯುವ ಗಂಡನ ಮನೆಗೆ ಮರಳಬೇಕಾದರೆ, ಹಗುರವಾದುದು ಅವಳ ಎದೆಯೇ ಹೊರತು ಅವಳ ಬಾಳಲ್ಲ. ಅವಳು ಆಡಿದ ಮಾತನ್ನು ದೈವದ ಮಾತೆಂದು ಕೈಮುಗಿದು ಬಿಡುವುದು ಸಾಲದು. ಮನುಷ್ಯಳ ಮಾತೆಂದು ಕೇಳಿ ನ್ಯಾಯವನ್ನೂ ಒದಗಿಸಬೇಕು.

ಈ ದಿಕ್ಕಿನಲ್ಲಿ ದೇಶವು ಕೆಲವು ಹೆಜ್ಜೆಗಳನ್ನು ಇಟ್ಟಿದೆ. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ರೂಪುಗೊಂಡಿತು. ೧೯೮೫ರಿಂದ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆಸ್ಪತ್ರೆಗಳಲ್ಲಿಯೇ ಮನೋರೋಗಕ್ಕೆ ಚಿಕಿತ್ಸೆ ನೀಡುವ ಪ್ರಯೋಗವನ್ನು ನಡೆಸಿ ಭಾರತಕ್ಕೆಲ್ಲ ಮೇಲ್ಪಂಕ್ತಿಯಾದರು. ೨೦೧೭ರ ಕಾಯಿದೆಯು ಮನೋರೋಗಿಗಳಿಗೆ ಸಂಕೋಲೆ ಹಾಕುವುದನ್ನು ನಿಷೇಧಿಸಿದೆ. ೨೦೨೨ರಲ್ಲಿ ಟೆಲಿ-ಮಾನಸ್ ಎಂಬ ಹೆಸರಿನಲ್ಲಿ ದೂರವಾಣಿಯ ಮೂಲಕ ಸಲಹೆಯನ್ನು ಪಡೆಯುವ ವ್ಯವಸ್ಥೆಯು ಏರ್ಪಟ್ಟಿತು. ಔಷಧವೂ ನ್ಯಾಯವೂ ಸತ್ಸಂಗವೂ ಒಂದಕ್ಕೊಂದು ಪ್ರತಿಯೋಗಿಗಳಲ್ಲ. ಒಂದೇ ಗಾಡಿಯನ್ನು ಎಳೆಯುವ ಹೆಗಲುಗಳು.

೧೦. ಉಪಸಂಹಾರ

ಇಷ್ಟು ವಿವೇಚನೆಯಿಂದ ತಿಳಿದುಬರುವುದು ಇದು. ಕಲ್ಯಾಣದ ಗೋಷ್ಠಿಯಲ್ಲಿ, ಹುಣ್ಣಿಮೆಯ ಆಲಡೆಯಲ್ಲಿ, ಬೆಳ್ತಂಗಡಿಯ ನವಜೀವನ ಕೂಟದಲ್ಲಿ ದೇವರು ಬೇರೆ, ಭಾಷೆ ಬೇರೆ, ಕಾಲ ಬೇರೆ. ಆದರೆ ಮೂರು ಕಡೆಗಳಲ್ಲಿಯೂ ನೊಂದ ಜೀವವೊಂದು ತನ್ನಂತೆಯೇ ನೊಂದವರ ಎದುರಿಗೆ ನಿಂತು ತಾನು ಯಾರೆಂದು ಹೇಳುವುದು. ಕೇಳಿದವರು ಸರಿದು ಜಾಗವನ್ನು ಮಾಡಿಕೊಡುವರು. ಚೇತರಿಕೆಯು ಅಲ್ಲಿಂದ ಮೊದಲಾಗುವುದು.

ಶ್ರೀಮಠದ ಮಹೋತ್ಸವವು ಜರಗುವ ಈ ಶುಭಕಾಲದಲ್ಲಿ ಭಕ್ತಾದಿಗಳು ತಮ್ಮ ತಮ್ಮ ಮನೆಗಳನ್ನೊಮ್ಮೆ ನೋಡಿಕೊಳ್ಳುವುದು ಉಚಿತ. ದಾಸೋಹವೆಂದರೆ ಅನ್ನವನ್ನು ಇಕ್ಕುವುದಷ್ಟೇ ಅಲ್ಲ. ಯಾರೂ ಪಕ್ಕದಲ್ಲಿ ಕುಳಿತುಕೊಳ್ಳಲೊಲ್ಲದವರ ಪಕ್ಕದಲ್ಲಿ ಎಲೆಯನ್ನು ಹಾಸಿಕೊಂಡು ಕುಳಿತುಕೊಳ್ಳುವುದೂ ದಾಸೋಹವೇ. ಮುಚ್ಚಿದ ಕೋಣೆಯ ಬಾಗಿಲನ್ನು ತೆರೆದು, ಒಳಗಿರುವವರನ್ನು ಮೊದಲು ವೈದ್ಯರ ಬಳಿಗೂ ಬಳಿಕ ಬಳಗದ ಪಂಕ್ತಿಗೂ ಕರೆತರುವ ಮನೆಯೇ ನಿಜವಾದ ಮಹಾಮನೆ. ಅಂತಹ ಮಹಾಮನೆಗಳು ಊರೂರುಗಳಲ್ಲಿ ಹೆಚ್ಚಲಿ. ಆಧಿಯಿಂದ ಬಳಲಿದ ಜೀವಗಳಿಗೆ ಸಜ್ಜನರ ಸಂಗವು ದೊರೆಯಲಿ. ಶುಭಮಸ್ತು.